ಪಿಳ್ಳಮ್ಮನ ಏಳು ಮೈಕ್ರಾನ್

ಮಹದೇವಪುರದ ಆ ಶೆಡ್ಡಿನಲ್ಲಿ ಯಜಮಾನರ ಮಾತಿಗಾದರೂ ಎದುರು ಮಾತಿತ್ತು, ಪಿಳ್ಳಮ್ಮನ ಮಾತಿಗೆ ಇರಲಿಲ್ಲ. ಸಂಬಳ ಕೊಡುವವರು ಮುನಿನಾರಾಯಣಪ್ಪನವರು, ಕೂಗಾಡುವವರೂ ಅವರೇ. ಆದರೆ ಒಂದು ಉಕ್ಕಿನ ತುಂಡು ಸರಿಯಿದೆಯೋ ಇಲ್ಲವೋ ಎಂಬ ಪ್ರಶ್ನೆ ಎದ್ದರೆ ಅವರೂ ಅಳತೆಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಬಾಗಿಲಲ್ಲಿ ನಿಂತು, "ಏನಂತೆ ಪಿಳ್ಳಮ್ಮ?" ಎಂದು ಕೇಳಬೇಕಾಗಿತ್ತು. ಪಿಳ್ಳಮ್ಮ ಗೇಜಿನ ಮುಳ್ಳಿನಿಂದ ಕಣ್ಣು ಕೀಳದೆ "ಸರಿಗಿದೆ" ಎಂದರೆ ಮಾಲು ಲಾರಿಗೆ, "ಇಲ್ಲ" ಎಂದರೆ ಗುಜರಿಗೆ. ನಡುವೆ ಮೂರನೆಯ ದಾರಿ ಇರಲಿಲ್ಲ.

ಏಳನೇ ಕ್ಲಾಸಿಗೆ ಓದು ನಿಲ್ಲಿಸಿದ ಹೆಂಗಸಿಗೆ ಇಷ್ಟೊಂದು ಮರ್ಯಾದೆ ಎಲ್ಲಿಂದ ಬಂತು ಎಂದು ಹೊಸಬರು ಕೇಳುತ್ತಿದ್ದರು. ಕೇಳಬೇಕಾದ್ದೇ. ಹೊರಮಾವಿನಲ್ಲಿ ಸೊಪ್ಪು ಬೆಳೆದು ರಸೆಲ್ ಮಾರ್ಕೆಟ್ಟಿಗೆ ಹಾಕುತ್ತಿದ್ದ ಮನೆಯ ಸೊಸೆ ಅವಳು. ೧೯೮೪ರಲ್ಲಿ ಮುನಿನಾರಾಯಣಪ್ಪನವರು ತಮ್ಮ ರಾಗಿ ಹೊಲದಲ್ಲೇ ಶೆಡ್ಡು ಎಬ್ಬಿಸಿ, ನಾಲ್ಕು ಮೆಷಿನ್ನು ಕೂರಿಸಿ, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡಲು ಶುರುಮಾಡಿದಾಗ ಪಿಳ್ಳಮ್ಮ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಅಳತೆಕೋಣೆಗೆ ಅವಳು ಮೊದಲು ಕಾಲಿಟ್ಟದ್ದು ಪೊರಕೆ ಹಿಡಿದುಕೊಂಡೇ.

ಅವಳ ಕೈಯಿಂದ ಪೊರಕೆ ಬಿಡಿಸಿದವರು ಇನಾಯತ್ ಉಲ್ಲಾ ಸಾಬರು. ಶಿವಾಜಿನಗರದ ಒಂದು ಗಲ್ಲಿಯಲ್ಲಿ ಅಳತೆ ಉಪಕರಣಗಳ ರಿಪೇರಿ ಅಂಗಡಿ ಇಟ್ಟಿದ್ದ ಅವರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು, ಶೆಡ್ಡಿನ ಮೈಕ್ರೋಮೀಟರು, ಡಯಲ್ ಗೇಜುಗಳನ್ನು ಬಿಚ್ಚಿ, ಒರೆಸಿ, ಸರಿಮಾಡಿ ಹೋಗುತ್ತಿದ್ದರು. ಒಂದು ಸಲ ಬಂದವರು ಡ್ರಾಯರು ಎಳೆದು ನೋಡುತ್ತಾರೆ, ಆರಕ್ಕೆ ಆರೂ ಮೈಕ್ರೋಮೀಟರುಗಳ ಬಾಯಿ ಇಷ್ಟೇ ಇಷ್ಟು ತೆರೆದಿದೆ. ಬಾಯಿ ಬಿಗಿಯಾಗಿ ಮುಚ್ಚಿಟ್ಟರೆ ತೇವ ಸಿಕ್ಕಿಕೊಂಡು ತುಕ್ಕು ಹತ್ತುತ್ತದೆ, ಬಿಸಿಲಿಗೆ ಉಕ್ಕು ಹಿಗ್ಗಿದರೆ ಒಳಗಿನ ತಿರುಪಿಗೆ ಪೆಟ್ಟು. ಇದನ್ನು ಶೆಡ್ಡಿನವರಿಗೆ ಹೇಳಿ ಹೇಳಿ ಸಾಬರ ಬಾಯಿ ಸೋತಿತ್ತು.

"ಯಾರಮ್ಮಾ ಹಿಂಗ್ ಇಟ್ಟಿದ್ದು?"

"ನಾನೇ ಸಾಬ್ರೇ. ನೀವು ಹೋಗೋವಾಗ ಹಂಗೇ ಇಟ್ಟೋಗ್ತೀರಲ್ಲ, ನೋಡ್ದೆ."

ಸಾಬರು ನೇರ ಯಜಮಾನರ ಹತ್ತಿರ ಹೋಗಿ, "ಪೊರಕೆ ಬೇರೆಯವ್ರಿಗೆ ಕೊಡಿ ಅಣ್ಣ, ಈ ಹೆಣ್ಮಗಳನ್ನ ನಂಗ್ ಬಿಡಿ" ಎಂದರು. ಎರಡು ವರ್ಷ ಕಲಿಸಿದರು. ಅಳತೆ ತಪ್ಪುವುದಕ್ಕೆ ಎಷ್ಟು ದಾರಿಗಳಿವೆಯೋ ಅಷ್ಟನ್ನೂ ಒಂದೊಂದಾಗಿ ತೋರಿಸಿದರು. ಮುಳ್ಳು ಸೊನ್ನೆಗೆ ಬಾರದೆ ಪಕ್ಕದಲ್ಲೇ ನಿಂತರೆ ಓದಿದ್ದೆಲ್ಲ ಅಷ್ಟಷ್ಟೇ ತಪ್ಪು. ಎದುರಿನಿಂದ ನೋಡದೆ ಓರೆಯಿಂದ ನೋಡಿದರೆ ಒಂದು ಗೆರೆ ಆಚೀಚೆ. ತಿರುಪು ಸವೆದಿದ್ದರೆ ಮುಂದಕ್ಕೆ ತಿರುಗಿಸಿದಾಗ ಒಂದು ಲೆಕ್ಕ, ಹಿಂದಕ್ಕೆ ತಿರುಗಿಸಿದಾಗ ಇನ್ನೊಂದು. ಒಂದು ದಿನ ಬೆರಳುದ್ದದ ಉಕ್ಕಿನ ತುಂಡನ್ನು ಅವಳ ಮುಷ್ಟಿಯಲ್ಲಿಟ್ಟು ಐದು ನಿಮಿಷ ಹಿಡಿದುಕೊಳ್ಳಲು ಹೇಳಿ, ಆಮೇಲೆ ಅಳೆಸಿದರು. ಮೊದಲು ಸೊನ್ನೆಯಲ್ಲಿದ್ದ ಮುಳ್ಳು ಈಗ ಸರಿದಿತ್ತು. ತನ್ನ ಅಂಗೈ ಬಿಸಿಗೆ ಉಕ್ಕು ಬೆಳೆಯುತ್ತದೆ ಎನ್ನುವುದನ್ನು ಕಣ್ಣಾರೆ ನೋಡಿದ ಪಿಳ್ಳಮ್ಮ ಆ ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಅದನ್ನೇ ನೆನೆಯುತ್ತಿದ್ದಳು.

"ಹತ್ಯಾರ್ ಕೆಟ್ರೆ ನಾನ್ ರಿಪೇರಿ ಮಾಡ್ತೀನಿ ಬೇಟಾ," ಎಂದಿದ್ದರು ಸಾಬರು. "ನೋಡೋರೇ ಕೆಟ್ರೆ ಯಾವ ಅಂಗಡೀಗೆ ಕಳ್ಸೋದು?"

೧೯೮೬ರಲ್ಲಿ ಪಿಳ್ಳಮ್ಮ ಅಳತೆಕೋಣೆಯ ಸ್ಟೂಲಿನ ಮೇಲೆ ಕೂತಳು. ಆಮೇಲೆ ಅವಳ ಕಟ್ಟುನಿಟ್ಟು ಹೇಗಿತ್ತೆಂದರೆ, ಮೆಷಿನ್ನಿನಿಂದ ಇಳಿದ ತುಂಡು ಒಂದು ಗಂಟೆ ಆರದೆ ಅವಳ ಕೋಣೆಗೆ ಬರುವಂತಿರಲಿಲ್ಲ. ಬೆವರು ಕೈಯಲ್ಲಿ ಗೇಜು ಮುಟ್ಟಿದವನಿಗೆ ಎಲ್ಲರೆದುರೇ ಮಂಗಳಾರತಿ. ಗ್ರಾಹಕರ ಕಾರ್ಖಾನೆಯವರು ಮೊದಮೊದಲು ಬಂದ ಮಾಲನ್ನೆಲ್ಲ ತಾವೂ ಅಳೆದು ನೋಡುತ್ತಿದ್ದರು. ಎರಡು ವರ್ಷವಾದರೂ ಒಂದೇ ಒಂದು ಅಂಕಿ ತಪ್ಪು ಸಿಗದೆ ಬೇಸತ್ತು ಬಿಟ್ಟುಬಿಟ್ಟರು. ಡಬ್ಬದ ಮೇಲೆ 'ಪಿ' ಎಂಬ ಅಕ್ಷರ ಇದ್ದರೆ ಸಾಕು, ತೆಗೆದು ಜೋಡಿಸುವುದೇ. ಈ ಒಂದಕ್ಷರದ ಬಗ್ಗೆ ಪಿಳ್ಳಮ್ಮನಿಗೆ ಹೆಮ್ಮೆ ಇತ್ತು, ಇದ್ದದ್ದನ್ನು ಅವಳು ಬಚ್ಚಿಡುತ್ತಲೂ ಇರಲಿಲ್ಲ. ಏಕೆ ಬಚ್ಚಿಡಬೇಕು?

ಅವಳ ರಾಜ್ಯದಲ್ಲಿ ಎಲ್ಲಕ್ಕಿಂತ ದೊಡ್ಡದು ಕಲ್ಲು. ಮೂರಡಿ ಉದ್ದ, ಎರಡಡಿ ಅಗಲ, ಅರ್ಧ ಅಡಿ ದಪ್ಪದ ಕರಿಕಲ್ಲು, ಮೇಲ್ಮೈ ಕನ್ನಡಿ ಹಾಗೆ ಸಮತಟ್ಟು. ಅಳೆಯಬೇಕಾದ ತುಂಡನ್ನೂ ಗೇಜನ್ನೂ ಅದರ ಮೇಲೇ ಇಡಬೇಕು. ಕಲ್ಲು ಸಮ ಇದ್ದರೆ ಮಾತ್ರ ಅಳತೆ ಸಮ. ಶೆಡ್ಡಿನಲ್ಲಿ ಲೆಕ್ಕ ನಡೆಯುತ್ತಿದ್ದುದು ಮೈಕ್ರಾನಿನಲ್ಲಿ. ತಲೆಕೂದಲನ್ನು ಎಪ್ಪತ್ತು ಸೀಳು ಮಾಡಿದರೆ ಅದರಲ್ಲಿ ಒಂದು ಸೀಳು, ಅಷ್ಟು ಸಣ್ಣದು.

ಆಯುಧಪೂಜೆ ಬಂತೆಂದರೆ ಬೇರೆಯವರು ತಮ್ಮ ತಮ್ಮ ಮೆಷಿನ್ನಿಗೆ ಬಾಳೆಕಂದು ಕಟ್ಟಿ ಬೂದುಗುಂಬಳ ಒಡೆಯುತ್ತಿದ್ದರು, ಪಿಳ್ಳಮ್ಮ ಕಲ್ಲಿಗೆ ಪೂಜೆ ಮಾಡುತ್ತಿದ್ದಳು. ಮೇಲೆ ಗೇಜುಗಳನ್ನೆಲ್ಲ ಸಾಲಾಗಿ ಜೋಡಿಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ, ಕಲ್ಲಿನ ಅಂಚಿನುದ್ದಕ್ಕೂ ನಡುವಿಗೂ ಮಣ್ಣಿನ ಹಣತೆ ಹಚ್ಚುತ್ತಿದ್ದಳು. ಮೊದಲ ವರ್ಷ ಒಂದು ಹಣತೆ. ಸ್ಟೂಲಿನ ಮೇಲೆ ಕೂತ ಪ್ರತಿ ವರ್ಷಕ್ಕೂ ಒಂದೊಂದು ಹೆಚ್ಚು. ಹಣತೆ ಆರದಂತೆ ಗಂಟೆಗೊಮ್ಮೆ ಎಣ್ಣೆ ಹಾಕುವುದೂ ಅವಳೇ. ಪೂಜೆಯಾದ ಮೇಲೆ ಮರುದಿನ ವಿಜಯದಶಮಿಯ ಮಂಗಳಾರತಿವರೆಗೆ ಯಾರೂ ಆಯುಧ ಮುಟ್ಟುವಂತಿಲ್ಲ. ಕಡ್ಲೆಪುರಿ, ಬೆಲ್ಲ ಹಂಚಿಕೊಂಡು ಮಧ್ಯಾಹ್ನಕ್ಕೆಲ್ಲ ಮನೆಗೆ.

೧೯೯೯ರಲ್ಲಿ ಹಣತೆ ಹದಿನಾಲ್ಕಾಗಿದ್ದವು. ಬೆಳಿಗ್ಗೆ ಎಂಟಕ್ಕೆ ಹಚ್ಚಿದ ದೀಪ ಮಧ್ಯಾಹ್ನ ಒಂದಾದರೂ ಉರಿಯುತ್ತಿತ್ತು. ಅಷ್ಟು ಹೊತ್ತಿಗೆ ಹೊಸೂರಿನ ಗ್ರಾಹಕರ ಲಾರಿ, ಒಂದು ದಿನ ಮುಂಚಿತವಾಗಿ, ಗೇಟಿನ ಮುಂದೆ ಬಂದು ನಿಂತಿತು. ಅವರಿಗೆ ಬೇಕಾಗಿದ್ದುದು ನಲವತ್ತು ಗೈಡ್ ಪಟ್ಟಿ. ಯಂತ್ರದ ಮೇಜು ಅತ್ತಿತ್ತ ಜಾರುವುದಕ್ಕೆ ಕೂರಿಸುವ, ಎರಡಡಿ ಉದ್ದದ ಉಕ್ಕಿನ ಪಟ್ಟಿಗಳು. ಉಜ್ಜಿದವನು ಹಲಸೂರಿನ ಜಗನ್, ಗ್ರೈಂಡಿಂಗ್ ಮೆಷಿನ್ನಿನ ಮೇಲೆ ಹನ್ನೊಂದು ವರ್ಷ ಪಳಗಿದ ಕೈ. ಹಿಂದಿನ ದಿನವೇ ಉಜ್ಜಿ ಇಟ್ಟಿದ್ದ. ಅಳೆಯುವುದೊಂದು ಬಾಕಿ.

"ಪಿಳ್ಳಮ್ಮ, ಒಂದ್ಸಲ ನೋಡಿ ಕಳ್ಸಿಬಿಡು," ಎಂದರು ಮುನಿನಾರಾಯಣಪ್ಪ.

"ಪೂಜೆ ಮಾಡಿಟ್ಟಿರೋ ಹತ್ಯಾರ್ ಅಣ್ಣ. ನಾಳೆವರ್ಗೂ ಮುಟ್ಬಾರ್ದಲ್ಲ."

"ಲಾರಿ ವಾಪಸ್ ಹೋದ್ರೆ ಆರ್ಡರ್ರೂ ಹೋಗುತ್ತೆ. ತಾಯಿಗೆ ನಾನು ತಪ್ಪುಗಾಣಿಕೆ ಹಾಕ್ತೀನಿ, ಆ ಪಾಪ ನಂಗಿರ್ಲಿ."

ಪಿಳ್ಳಮ್ಮ ಕೈಮುಗಿದು ಹಣತೆಗಳನ್ನು ಎತ್ತಿಟ್ಟಳು. ಒಂದು ಕುಂಕುಮದ ಕಣವೂ ಉಳಿಯದಂತೆ ಕಲ್ಲನ್ನು ಸ್ಪಿರಿಟ್ ಬಟ್ಟೆಯಿಂದ ಮೂರು ಸಲ ಒರೆಸಿದಳು. ಸೊನ್ನೆ ನೋಡಿದಳು, ಸರಿಯಾಗಿತ್ತು. ಜಗನ್‌ನ ಮೊದಲ ಪಟ್ಟಿ ಇಟ್ಟು ಅದರ ಉದ್ದಕ್ಕೂ ಗೇಜು ಸರಿಸಿದಾಗ ನಡುವೆ ಮುಳ್ಳು ಇಳಿಯಿತು. ಏಳು ಮೈಕ್ರಾನ್ ತಗ್ಗು. ಮೂರಕ್ಕಿಂತ ಹೆಚ್ಚಿರಬಾರದು. ಎರಡನೆಯದು ಏಳು. ಮೂರನೆಯದು ಆರೂವರೆ. ನಲವತ್ತೂ ಅಷ್ಟೇ.

"ಜಗ, ಹಬ್ಬದ ಗುಂಗಲ್ಲಿ ಉಜ್ಜಿದ್ಯಾ?" ಎಂದಳು. "ಎಲ್ಲಾ ನಡುವೆ ಕುಳಿ ಬಿದ್ದಿದೆ."

"ಅಕ್ಕಾ, ಸರಿಯಾಗೇ ಹೊಡ್ದಿದ್ದೆ."

"ನಾನೇನು ಸುಳ್ಳು ಹೇಳ್ತಿದೀನಾ?"

ಜಗನ್ ಬಾಯಿ ಮುಚ್ಚಿದ. ಮುನಿನಾರಾಯಣಪ್ಪನವರ ಬಾಯಿ ಮುಚ್ಚಲಿಲ್ಲ. ಬರಿಗೈಲಿ ಹೊರಟ ಲಾರಿಯ ಹಿಂಭಾಗ ನೋಡುತ್ತಾ, ಇಡೀ ಶೆಡ್ಡಿನೆದುರು, ನಾಳೆಯಿಂದ ನಿನ್ನ ಮುಖ ತೋರಿಸಬೇಡ ಎಂದುಬಿಟ್ಟರು. ಜಗನ್ ಕೈಯಲ್ಲಿದ್ದ ಕಡ್ಲೆಪುರಿ ಪೊಟ್ಟಣವನ್ನು ಮೆಷಿನ್ನಿನ ಮೇಲಿಟ್ಟು ಹೋದ. ಪಿಳ್ಳಮ್ಮನಿಗೆ ಪಾಪ ಅನ್ನಿಸಿತು, ಆದರೆ ತಪ್ಪು ತಪ್ಪೇ ಅಲ್ಲವೇ ಎಂದುಕೊಂಡು ಮನೆಗೆ ನಡೆದಳು.

ವಿಜಯದಶಮಿ ಕಳೆದು ಮರುದಿನ ಕೆಲಸಕ್ಕೆ ಬಂದಾಗ ನಲವತ್ತು ಪಟ್ಟಿಗಳು ಕೆಂಪು ಬಣ್ಣ ಬಳಿಸಿಕೊಂಡು ಗುಜರಿಗೆ ಹೋಗಲು ಕಾದಿದ್ದವು. ಗುಜರಿಗೆ ಹೋಗುವ ತುಂಡನ್ನೂ ಇನ್ನೊಂದು ಸಲ ಅಳೆದು ಪುಸ್ತಕದಲ್ಲಿ ಬರೆಯುವುದು ಪಿಳ್ಳಮ್ಮನ ಅಭ್ಯಾಸ. ಮೇಲಿನ ಪಟ್ಟಿ ತೆಗೆದು ಕಲ್ಲಿನ ಮೇಲಿಟ್ಟು ಗೇಜು ಸರಿಸಿದಳು. ಮುಳ್ಳು ಅಲುಗಲಿಲ್ಲ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಸೊನ್ನೆ. ಇನ್ನೊಂದು ಪಟ್ಟಿ, ಸೊನ್ನೆ. ಮತ್ತೊಂದು, ಅರ್ಧ ಮೈಕ್ರಾನ್. ಹನ್ನೊಂದರ ಹೊತ್ತಿಗೆ ನಲವತ್ತೂ ಅಳೆದು ಮುಗಿಸಿದಳು. ಇಷ್ಟು ಚೆನ್ನಾದ ಪಟ್ಟಿಗಳನ್ನು ಜಗನ್ ತನ್ನ ಹನ್ನೊಂದು ವರ್ಷದಲ್ಲೇ ಉಜ್ಜಿರಲಿಲ್ಲ.

ಸುದ್ದಿ ಕೇಳಿದ ಯಜಮಾನರ ಮುಖ ಅರಳಿತು.

"ನಾನ್ ಹೇಳ್ಲಿಲ್ವಾ? ಪೂಜೆ ದಿನ ಮುಟ್ಟಿದ್ದಕ್ಕೆ ತಾಯಿ ಮುನಿಸ್ಕೊಂಡಿದ್ಲು. ತಪ್ಪುಗಾಣಿಕೆ ಹಾಕ್ದೆ, ಒಲಿದ್ಲು. ಬಣ್ಣ ಒರೆಸಿ ಮಾಲು ಕಳ್ಸಿಬಿಡು."

ಶೆಡ್ಡಿನವರೆಲ್ಲ ಹೌದು ಹೌದು ಎಂದರು. ಪಿಳ್ಳಮ್ಮನನ್ನು ಯಾರೂ ಬೆರಳು ಮಾಡಿ ತೋರಿಸಲಿಲ್ಲ, ತೋರಿಸುವ ಯೋಚನೆಯೇ ಯಾರಿಗೂ ಬರಲಿಲ್ಲ. ಅಂದು ಅವಳು ಸುಮ್ಮನಿದ್ದುಬಿಟ್ಟಿದ್ದರೆ 'ಪಿ' ಅಕ್ಷರಕ್ಕೆ ಒಂದು ಚುಕ್ಕೆಯಷ್ಟೂ ಕಳಂಕ ತಟ್ಟುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿದ್ದರು, ನಾನಾಗಿದ್ದರೂ ಸುಮ್ಮನಿರುತ್ತಿದ್ದೆನೇನೋ.

ಆ ಸಂಜೆ ಅವಳು ಹಲಸೂರಿಗೆ ಹೋಗಿ, ಕೆರೆಯ ಹಿಂದಿನ ಗಲ್ಲಿಯಲ್ಲಿ ಜಗನ್ ಮನೆ ಹುಡುಕಿದಳು. ಪಟ್ಟಿ ಸರಿಯಾಗಿದೆ, ಯಜಮಾನರ ಕೋಪ ಇಳಿದಿದೆ, ನಾಳೆಯಿಂದ ಬಾ ಎಂದಳು. ಜಗನ್ ಬಾಗಿಲ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಬರಲ್ಲ ಅಕ್ಕಾ. ನಮ್ಮ ಮಾವಂದು ಟೈರ್ ಅಂಗಡಿ ಇದೆ, ಅಲ್ಲಿ ಸೇರ್ಕೊಂತೀನಿ."

"ಯಾಕೋ? ಪಟ್ಟಿ ಸರಿಗಿದೆ ಅಂತಿದೀನಲ್ಲ."

"ಈಗ ಸರಿಗಿರ್ಬೋದು. ಪೂಜೆ ದಿನ ನೀವೇ ಅಳೆದ್ರಿ, ನಲವತ್ತೂ ಹೋಗಿತ್ತು. ನಿಮ್ಮ ಕಣ್ಣು ತಪ್ಪಲ್ಲ ಅಕ್ಕಾ, ಅದು ನಂಗೊತ್ತು. ನಾನ್ ಉಜ್ಜೋವಾಗ ಚಕ್ರದ ಸದ್ದು ಕೇಳೇ ಗೊತ್ತಾಗೋದು, ಎರಡು ಮೈಕ್ರಾನ್ ಹೋದ್ರೂ ಗೊತ್ತಾಗೋದು. ಏಳು ಹೋಗಿದೆ, ಗೊತ್ತೇ ಆಗಿಲ್ಲ. ತಾಯಿ ಈ ಸಲ ಉಳಿಸಿದ್ಲು. ಪ್ರತಿ ಸಲ ಉಳಿಸ್ತಾಳಾ? ನನ್ನ ಕೈ ಹೋಯ್ತು ಅಕ್ಕಾ."

ಅವನ ಹೆಂಡತಿ ತಂದಿಟ್ಟ ಕಾಫಿಯನ್ನು ಪಿಳ್ಳಮ್ಮ ಕುಡಿಯದೆ ಪಕ್ಕಕ್ಕೆ ಸರಿಸಿದಳು. ತನ್ನ ಮಾತಿನ ಮೇಲೆ ಇಷ್ಟು ನಂಬಿಕೆ ಇಟ್ಟಿರುವ ಹುಡುಗ, ಆ ನಂಬಿಕೆಗೇ ಬಲಿಯಾಗಿ ಹನ್ನೊಂದು ವರ್ಷದ ವಿದ್ಯೆಯನ್ನು ಬಿಟ್ಟು ಟೈರ್ ಉರುಳಿಸಲು ಹೊರಟಿದ್ದಾನೆ. ದೇವಿ ಮುನಿದಳು, ಒಲಿದಳು ಎನ್ನುವ ಕಥೆಯಿಂದ ಇವನ ಕೈ ಇವನಿಗೆ ವಾಪಸ್ ಬರುವುದಿಲ್ಲ. ಆ ದಿನ ನಿಜವಾಗಿ ತಪ್ಪಿದ್ದು ಏನು ಎಂದು ತೋರಿಸಿದರೆ ಮಾತ್ರ ಬರುತ್ತದೆ. ತೋರಿಸಿದರೆ ತನ್ನ ಹೆಸರಿನ ಗತಿ ಏನೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಪಟ್ಟಿ ತಪ್ಪಿಲ್ಲ ಎಂದಾದರೆ ತಪ್ಪಿರುವುದು ಅಳತೆ, ಅಳತೆ ಎಂದರೆ ಪಿಳ್ಳಮ್ಮ.

ಮರುದಿನ ಅರ್ಧ ದಿನ ರಜೆ ಹಾಕಿ ಶಿವಾಜಿನಗರಕ್ಕೆ ಹೋದಳು. ಇನಾಯತ್ ಉಲ್ಲಾ ಸಾಬರಿಗೆ ವಯಸ್ಸಾಗಿತ್ತು, ಈಗ ಶೆಡ್ಡಿಗೆ ಬರುತ್ತಿರಲಿಲ್ಲ. ಮಗ ಹಸನ್ ಅಂಗಡಿ ನೋಡಿಕೊಳ್ಳುತ್ತಿದ್ದ, ಸಾಬರು ಒಳಗಿನ ಬೆಂಚಿನ ಮೇಲೆ ಭೂತಗನ್ನಡಿ ಹಿಡಿದು ಕೂತಿರುತ್ತಿದ್ದರು. ಪಿಳ್ಳಮ್ಮ ಮೊದಲಿನಿಂದ ಕೊನೆವರೆಗೆ ಒಂದನ್ನೂ ಬಿಡದೆ ಹೇಳಿದಳು.

"ಸೊನ್ನೆ ನೋಡಿದ್ಯಾ?"

"ನೋಡ್ದೆ."

"ಪಟ್ಟಿ ಆರಿತ್ತಾ?"

"ಹಿಂದಿನ ದಿನ ಉಜ್ಜಿದ್ದು ಸಾಬ್ರೇ. ತಣ್ಣಗಿತ್ತು."

"ಗೇಜ್ ಅದೇ, ಪಟ್ಟಿ ಅದೇ, ಕಣ್ಣು ಅದೇ. ಹಂಗಾದ್ರೆ ಆ ದಿನ ಬೇರೆ ಏನಿತ್ತು? ಬೇರೆ ದಿನ ಇಲ್ದೆ ಇರೋದು ಏನಿತ್ತು, ಎಣಿಸು ನೋಡುವಾ."

ಪಿಳ್ಳಮ್ಮ ಬೆರಳು ಮಡಚುತ್ತಾ ಎಣಿಸತೊಡಗಿದಳು. ಅರಿಶಿನ, ಒರೆಸಿದೆ. ಕುಂಕುಮ, ಒರೆಸಿದೆ. ಹೂವು, ತೆಗೆದೆ. ಹಣತೆ, ಎತ್ತಿಟ್ಟೆ. ಅಲ್ಲಿಗೆ ಬಂದು ಅವಳ ಬೆರಳು ನಿಂತಿತು. ಹದಿನಾಲ್ಕು ಹಣತೆ, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ. ಕಲ್ಲಿನ ಮೇಲ್ಭಾಗ ಬಿಸಿ, ತಳಭಾಗ ತಣ್ಣಗೆ. ಬಿಸಿಯಾದ ಮೇಲ್ಭಾಗ ಹಿಗ್ಗಿದೆ, ತಣ್ಣಗಿದ್ದ ತಳ ಹಿಗ್ಗಲು ಬಿಟ್ಟಿಲ್ಲ, ಕಲ್ಲು ನಡುವೆ ಉಬ್ಬಿದೆ. ಗೇಜು ಕೂತಿರುವುದು ಕಲ್ಲಿನ ಮೇಲೆ. ನಡುವಿಗೆ ಬಂದಾಗ ಅದೂ ಮೇಲೆದ್ದಿದೆ, ಅದಕ್ಕೇ ಪಟ್ಟಿ ತಗ್ಗಾದಂತೆ ಕಂಡಿದೆ. ಸ್ಪಿರಿಟ್ಟಿನ ತಂಪಿಗೆ ಕಲ್ಲಿನ ಬಿಸಿ ಅವಳ ಕೈಗೆ ಗೊತ್ತಾಗಿಲ್ಲ.

"ಉಕ್ಕಿಗೆ ಬಿಸಿ ತಾಕಬಾರ್ದು ಅಂತ ಊರಿಗೆಲ್ಲ ಬೈಕೊಂಡು ತಿರುಗ್ದೆ," ಎಂದಳು. "ಕಲ್ಲಿಗೆ ನಾನೇ ಬೆಂಕಿ ಇಟ್ಟಿದೀನಿ. ಹದಿನಾಲ್ಕು ವರ್ಷದಿಂದ ಇಡ್ತಾ ಇದೀನಿ."

"ಎಷ್ಟೋ ವರ್ಷ ನಾನೂ ಬಂದು ನಿಮ್ ಕಡ್ಲೆಪುರಿ ತಿಂದಿದೀನಿ ಬೇಟಾ. ನಂಗೂ ಹೊಳೀಲಿಲ್ಲ. ಪೂಜೆ ದಿನ ಮುಟ್ಬಾರ್ದು ಅಂತ ನೀವು ಮುಟ್ತಿರ್ಲಿಲ್ಲ. ಮಾರನೇ ದಿನಕ್ಕೆ ಕಲ್ಲು ಆರಿ ತನ್ ಪಾಡಿಗೆ ತಾನು ಸರಿಯಾಗ್ತಿತ್ತು. ಯಾರಿಗ್ ಗೊತ್ತಾಗ್ಬೇಕು?" ಸಾಬರು ಭೂತಗನ್ನಡಿ ಕೆಳಗಿಟ್ಟರು. "ಈಗ ಏನ್ ಮಾಡ್ತೀಯ?"

"ಎಲ್ರಿಗೂ ತೋರಿಸ್ತೀನಿ."

"ಹೆಸರು ಹೋಗ್ತದೆ."

"ಅವನ ಕೈ ಹೋಗಿದೆ ಸಾಬ್ರೇ."

ಸಾಬರು ಹಸನ್‌ಗೆ ಕೂಗಿ ಪಿಳ್ಳಮ್ಮನಿಗೆ ಚಹಾ ತರಿಸಿದರು, ಅವಳು ಹೊರಟಾಗ ಗಲ್ಲಿಯ ತಿರುವಿನವರೆಗೆ ತಾವೇ ಬಂದು ಬಿಟ್ಟರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಅಳತೆಕೋಣೆಯಲ್ಲಿ ಮತ್ತೆ ಹದಿನಾಲ್ಕು ಹಣತೆ ಉರಿದವು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಇದೇನಪ್ಪ ಎಂದು ಶೆಡ್ಡಿನವರು ಬಾಗಿಲಲ್ಲಿ ಗುಂಪುಗೂಡಿದರು. ಜಗನ್ ಬಂದಿದ್ದ. ಒಂದೇ ಒಂದು ಸಲ ಬಂದು ನೋಡು, ಆಮೇಲೆ ನಿನ್ನಿಷ್ಟ ಎಂದು ಪಿಳ್ಳಮ್ಮ ಇನ್ನೊಮ್ಮೆ ಹಲಸೂರಿಗೆ ಹೋಗಿ ಅವನ ಹೆಂಡತಿಯ ಎದುರೇ ಮಾತು ತೆಗೆದುಕೊಂಡಿದ್ದಳು. ದೀಪ ಹಚ್ಚುವ ಮುಂಚೆ, ಇನ್ನೂ ಲಾರಿಗೆ ಕಾದಿದ್ದ ಅವನ ಪಟ್ಟಿಯೊಂದನ್ನು ಕಲ್ಲಿನ ಮೇಲಿಟ್ಟು, ಸ್ಟೂಲಿನಿಂದ ಎದ್ದು, "ನೀನೇ ನೋಡು" ಎಂದಳು. ಹದಿನಾಲ್ಕು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಬೇರೆಯವರು ಕೂತಿದ್ದು ಅದೇ ಮೊದಲು. ಜಗನ್ ಅಂಜುತ್ತಲೇ ಗೇಜು ಸರಿಸಿದ. ಸೊನ್ನೆ. ಪಟ್ಟಿಯನ್ನು ತೆಗೆದು, ದೀಪದ ಬಿಸಿ ತಾಕದಂತೆ ದೂರದ ಮೂಲೆಯಲ್ಲಿಟ್ಟರು.

ಮುನಿನಾರಾಯಣಪ್ಪನವರಿಗೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದು ಹತ್ತು ಗಂಟೆ ಹೊತ್ತಿಗೆ ಅರ್ಥವಾಯಿತು. ಅವಳನ್ನು ಪಕ್ಕಕ್ಕೆ ಕರೆದರು.

"ಪಿಳ್ಳಮ್ಮ, ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ. ಹುಡುಗನ್ನ ನಾನೇ ಕೈ ಹಿಡ್ದು ಕರ್ಕೊಂಡ್ ಬರ್ತೀನಿ. ಇದೆಲ್ಲ ಬೇಡ. ನಿನ್ನ ಅಕ್ಷರ ನೋಡಿ ಮಾಲು ತಗೊಳ್ಳೋರು ನಾಳೆ ಏನಂತಾರೆ?"

"ಹಳೇದನ್ನೆಲ್ಲ ಇನ್ನೊಂದ್ಸಲ ಅಳೆದು ನೋಡ್ಲಿ ಅಣ್ಣ. ಬೇರೆ ದಿನ ಅಳೆದಿದ್ದು ಯಾವ್ದೂ ತಪ್ಪಿರಲ್ಲ."

"ಇವತ್ತು ತಪ್ಪು ಅಂತ ಒಪ್ಕೊಂಡ್ರೆ ಮಿಕ್ಕಿದ್ದೂ ತಪ್ಪು ಅಂತಾರೆ."

"ಅನ್ಲಿ. ಇದು ತಪ್ಪಿದೆಯಲ್ಲ."

ಒಂದು ಗಂಟೆಗೆ ಹಣತೆ ತೆಗೆದು, ಕಲ್ಲನ್ನು ಪೂಜೆಯ ದಿನ ಒರೆಸಿದ ಹಾಗೇ ಮೂರು ಸಲ ಒರೆಸಿ, ಮೂಲೆಯಲ್ಲಿದ್ದ ಪಟ್ಟಿ ತಂದು ಇಟ್ಟಳು. ಮತ್ತೆ ಜಗನ್‌ನನ್ನೇ ಕೂರಿಸಿದಳು. ಅವನು ತುದಿಯಲ್ಲಿ ಸೊನ್ನೆ ಮಾಡಿ ಗೇಜನ್ನು ಮೆಲ್ಲಗೆ ಸರಿಸಿದ. ನಡುವಿಗೆ ಬರುತ್ತಿದ್ದಂತೆ ಮುಳ್ಳು ಇಳಿಯತೊಡಗಿತು. ಎರಡು, ನಾಲ್ಕು, ಐದು, ಏಳು. ಬಾಗಿಲಲ್ಲಿ ನಿಂತವರು ಒಬ್ಬರ ಭುಜದ ಮೇಲೆ ಒಬ್ಬರು ಬಗ್ಗಿ ನೋಡಿದರು.

"ಈ ಪಟ್ಟೀನ 'ನೀನು ಕುಳಿ ಹೊಡ್ದಿದೀಯ' ಅಂದೆ ನಾನು," ಎಂದಳು ಪಿಳ್ಳಮ್ಮ, ಎಲ್ಲರಿಗೂ ಕೇಳುವ ಹಾಗೆ. "ಬೆಳಿಗ್ಗೆ ನೀನೇ ನೋಡ್ದೆ, ಸೊನ್ನೆ. ಈಗ ನೋಡ್ದೆ, ಏಳು. ಮಧ್ಯೆ ಇದನ್ನ ಯಾರೂ ಉಜ್ಜಿಲ್ಲ. ಉಬ್ಬಿರೋದು ಕಲ್ಲು. ಉಬ್ಬಿಸಿದ್ದು ನನ್ನ ದೀಪ. ನಿನ್ನ ಕೈ ಎಲ್ಲೂ ಹೋಗಿಲ್ಲ ಜಗ. ತಪ್ಪು ನಂದು. ತಾಯಿ ಮೇಲೆ ಯಾರೂ ಹಾಕ್ಬೇಡಿ."

ಜಗನ್ ಗೇಜಿನ ಮುಳ್ಳನ್ನೇ ನೋಡುತ್ತಾ ಕಣ್ಣೊರೆಸಿಕೊಂಡ. ಪಿಳ್ಳಮ್ಮ ಅಳತೆ ಪುಸ್ತಕ ತೆಗೆದು, ಆಯುಧಪೂಜೆಯ ದಿನದ ಸಾಲಿಗೆ ಅಡ್ಡ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಬರೆದಳು: 'ನಲವತ್ತು ಪಟ್ಟಿ ಸರಿ. ಅಳತೆ ತಪ್ಪು. ಕಲ್ಲಿನ ಮೇಲೆ ದೀಪ ಇಟ್ಟಿದ್ದರಿಂದ. ಇಟ್ಟವಳು ಪಿಳ್ಳಮ್ಮ.' ಅವಳ ಅಕ್ಷರ ದುಂಡಗಿತ್ತು, ಒಂದೂ ಕೊಂಬು ದೀರ್ಘ ತಪ್ಪಿರಲಿಲ್ಲ. ಆ ಪುಸ್ತಕ ಗ್ರಾಹಕರ ಕಣ್ಣಿಗೆ ಬೀಳುತ್ತದೆ ಎಂದು ಗೊತ್ತಿದ್ದೇ ಬರೆದಳು.

ಬಿತ್ತು ಕೂಡ. ಹೊಸೂರಿನವರು ಮತ್ತೆ ಮಾಲನ್ನೆಲ್ಲ ತಾವೇ ಅಳೆಯತೊಡಗಿದರು. ಹಳೆಯ ಡಬ್ಬಗಳನ್ನೂ ಬಿಚ್ಚಿ ನೋಡಿದರು. ಮುನಿನಾರಾಯಣಪ್ಪ ಎರಡು ತಿಂಗಳು ಪಿಳ್ಳಮ್ಮನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳು ಬೇಸರ ಮಾಡಿಕೊಂಡಳೇ ಎಂದರೆ, ಮಾಡಿಕೊಂಡಳು. ಹದಿನಾಲ್ಕು ವರ್ಷ ಕಷ್ಟಪಟ್ಟು ಗಳಿಸಿದ್ದನ್ನು ಯಾರೋ ಬಂದು ಕೆದಕಿ ನೋಡುವಾಗ ಯಾರಿಗೆ ತಾನೆ ನೋವಾಗುವುದಿಲ್ಲ. ಆದರೂ ಬರೆದದ್ದನ್ನು ಬರೆಯಬಾರದಿತ್ತು ಎಂದು ಒಂದು ದಿನವೂ ಅವಳಿಗೆ ಅನ್ನಿಸಲಿಲ್ಲ. ಹಳೆಯ ಡಬ್ಬಗಳಲ್ಲಿ ಅವರಿಗೆ ಒಂದೂ ತಪ್ಪು ಸಿಗಲಿಲ್ಲ, ಅದೂ ಅವಳಿಗೆ ಗೊತ್ತಿದ್ದ ಮಾತೇ.

ಜಗನ್ ಸೋಮವಾರದಿಂದಲೇ ಮೆಷಿನ್ನಿಗೆ ಮರಳಿದ. ಮೊದಮೊದಲು ಅವನ ಕೈಯಲ್ಲಿ ಅಂಜಿಕೆ ಇತ್ತು. ಒಂದು ಸಲ ಉಜ್ಜುವಲ್ಲಿ ಎರಡು ಸಲ ನಿಲ್ಲಿಸಿ ನೋಡುತ್ತಿದ್ದ. ಪಿಳ್ಳಮ್ಮ 'ಸರಿಗಿದೆ' ಎಂದರೂ ಇನ್ನೊಂದು ಕ್ಷಣ ಅವಳ ಮುಖ ನೋಡುತ್ತಾ ನಿಲ್ಲುತ್ತಿದ್ದ. 'ಇಲ್ಲ' ಎಂದರೆ ಮಾತಿಲ್ಲದೆ ತಲೆ ತಗ್ಗಿಸಿ ತುಂಡು ತೆಗೆದುಕೊಂಡು ಹೋಗುತ್ತಿದ್ದ. ಅವನು ಹಾಗೆ ಹೋದಾಗಲೆಲ್ಲ ಪಿಳ್ಳಮ್ಮ ಗೇಜು ಬಿಟ್ಟು ಅವನ ಬೆನ್ನನ್ನೇ ನೋಡುತ್ತಿದ್ದಳು. ಕೈ ಮೆಷಿನ್ನಿಗೆ ವಾಪಸ್ ಬಂದಿತ್ತು ನಿಜ, ಧೈರ್ಯ ಇನ್ನೂ ಬಂದಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಹನ್ನೆರಡು ಪಟ್ಟಿ ತಂದಿಟ್ಟ. ಹನ್ನೊಂದು ಸರಿಯಿದ್ದವು. ಹನ್ನೆರಡನೆಯದನ್ನು ಪಿಳ್ಳಮ್ಮ ಅಳೆದು, "ಇಲ್ಲ. ನಾಲ್ಕು ಇದೆ" ಎಂದು ಪಕ್ಕಕ್ಕಿಟ್ಟಳು.

ಜಗನ್ ಅದನ್ನು ಎತ್ತಿಕೊಳ್ಳಲಿಲ್ಲ.

"ಅಕ್ಕಾ, ಅದು ಮೂರಕ್ಕಿಂತ ಜಾಸ್ತಿ ಇರಲ್ಲ. ನಾನ್ ಉಜ್ಜೋವಾಗ ಸದ್ದು ಸರಿಯಾಗಿತ್ತು. ಇನ್ನೊಂದ್ಸಲ ನೋಡಿ."

ಬಾಗಿಲ ಬಳಿ ಎಣ್ಣೆ ಡಬ್ಬ ಎತ್ತಿಕೊಂಡು ಹೋಗುತ್ತಿದ್ದ ಶೆಡ್ಡಿನ ಹುಡುಗ ಖಾದರ್ ಅಲ್ಲೇ ನಿಂತುಬಿಟ್ಟ. ಮುನಿನಾರಾಯಣಪ್ಪನವರೂ ತಲೆ ಹೊರಳಿಸಿದರು. ಆ ಕೋಣೆಯಲ್ಲಿ ಪಿಳ್ಳಮ್ಮನಿಗೆ ಈ ಮಾತು ಯಾರೂ ಹೇಳಿರಲಿಲ್ಲ. ಪಿಳ್ಳಮ್ಮನ ಮುಖ ಒಂದು ಗಳಿಗೆ ಬಿಗಿಯಿತು. ಆಮೇಲೆ ಅವಳು ಕಲ್ಲಿನ ಮೇಲೆ ಅಂಗೈ ಇಟ್ಟು ನೋಡಿದಳು, ಕಲ್ಲು ಒರೆಸಿದಳು, ಗೇಜು ಸೊನ್ನೆ ಮಾಡಿದಳು, ಪಟ್ಟಿ ಇಟ್ಟು ಈ ತುದಿಯಿಂದ ಆ ತುದಿಗೆ ಸರಿಸಿದಳು. ನಾಲ್ಕೇ ಇತ್ತು. ಅವಳು ಎದ್ದು ನಿಂತು ಜಗನ್‌ಗೆ ಜಾಗ ಬಿಟ್ಟಳು.

ಅವನು ಕೂತು ತಾನೇ ಅಳೆದ. ಒಮ್ಮೆ, ಇನ್ನೊಮ್ಮೆ.

"ಹೌದಕ್ಕಾ, ನಾಲ್ಕಿದೆ," ಎಂದ. ಪಟ್ಟಿ ಎತ್ತಿಕೊಂಡು, ತಲೆ ತಗ್ಗಿಸದೆ, ನೆಟ್ಟಗೆ ನಡೆದು ಮೆಷಿನ್ನಿಗೆ ಹೋದ.

ಬಾಗಿಲಲ್ಲಿದ್ದ ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಪಿಳ್ಳಮ್ಮ ಕೈಯೆತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು. ಗ್ರೈಂಡಿಂಗ್ ಚಕ್ರ ಮತ್ತೆ ಶುರುವಾಗಿತ್ತು, ಅವಳಿಗೆ ಆ ಸದ್ದು ಕೇಳಬೇಕಾಗಿತ್ತು.

"ಇನ್ನೊಂದ್ಸಲ ಅಳೀರಿ ಅಂತ ನನ್ನೇ ಕೇಳ್ದ ನೋಡಿ ಅಣ್ಣ," ಎಂದಳು ಕೊನೆಗೆ. ಅವಳ ಹದಿನಾಲ್ಕು ವರ್ಷದ 'ಪಿ' ಅಕ್ಷರಕ್ಕೂ ಇರದಿದ್ದ ಹೆಮ್ಮೆ ಆ ಮಾತಿನಲ್ಲಿತ್ತು.